ಎಷ್ಟು ಅಂಕಿ ನಂಬಬೇಕು

ಪುಟ್ಟೀ,

ನಿಮ್ಮ ಇಂಗ್ಲೆಂಡಿನ ಜಿಸಿಎಸ್‌ಇ ಗಣಿತದಲ್ಲಿ ಮೇಲ್ಮಿತಿ, ಕೆಳಮಿತಿ ಅಂತ ಒಂದು ಪಾಠವಿದೆಯಲ್ಲ, ಅದನ್ನು ಸುಲಭವೆಂದು ಹಾರಿಸಿಬಿಡಬೇಡ. ನಾವು ಓದುವಾಗ 5.4 ಮೀಟರ್ ಅಂದರೆ 5.4, ಅಷ್ಟೇ. ಆದರೆ ಒಂದು ದಶಮಾಂಶ ಸ್ಥಾನಕ್ಕೆ ಸರಿಹೊಂದಿಸಿದ 5.4 ಅಂದರೆ, ನಿಜವಾದ ಉದ್ದ 5.35ಕ್ಕೂ 5.45ಕ್ಕೂ ನಡುವೆ ಎಲ್ಲಾದರೂ ಇರಬಹುದು. "5.45 ಮುಟ್ಟಿದರೆ 5.5 ಆಗಿಬಿಡುತ್ತದಲ್ಲ ತಾತಾ?" ಅಂತ ತಗಾದೆ ತೆಗೆಯುತ್ತೀಯ. ನಿಜ, ಆ ತುದಿ ಒಳಗೆ ಸೇರಿಲ್ಲ. ಹಾಗಂತ 5.449 ಬರೆದರೆ 5.4499 ಅದಕ್ಕೂ ಮುಂದಿರುತ್ತದೆ. ಮೇಲ್ಮಿತಿ 5.45 ಎಂದೇ ಬರೆ. ಸಮಚಿಹ್ನೆ ಕೆಳಮಿತಿಯ ಕಡೆ ಮಾತ್ರ ಇರಲಿ.

ಎಡವುವುದು ಭಾಗಾಕಾರದಲ್ಲಿ. ಸಮೀಪದ ಮೀಟರಿಗೆ ಅಳೆದ 100 ಮೀಟರ್ ಓಟ, ಒಂದು ದಶಮಾಂಶಕ್ಕೆ ಅಳೆದ 12.4 ಸೆಕೆಂಡು. ವೇಗದ ಮೇಲ್ಮಿತಿ ಕೇಳಿದರೆ ಕೈ ತಾನಾಗಿ ಎರಡೂ ದೊಡ್ಡ ಸಂಖ್ಯೆಗಳನ್ನೇ ಎತ್ತಿಕೊಳ್ಳುತ್ತದೆ. ತಡಿ. ಹೆಚ್ಚು ದೂರವನ್ನು ಕಡಿಮೆ ಹೊತ್ತಿನಲ್ಲಿ ಓಡಿದವಳ ವೇಗವಲ್ಲವೇ ಹೆಚ್ಚು? 100.5 ಅನ್ನು 12.35ರಿಂದ ಭಾಗಿಸು: ಸೆಕೆಂಡಿಗೆ ಸುಮಾರು 8.14 ಮೀಟರ್. ಕೆಳಮಿತಿಗೆ 99.5 ಅನ್ನು 12.45ರಿಂದ: 7.99. ಈಗ ಸುಮ್ಮನೆ 100 ಅನ್ನು 12.4ರಿಂದ ಭಾಗಿಸಿ ನೋಡು. ಕ್ಯಾಲ್ಕುಲೇಟರ್ 8.064516129 ಅಂತ ಠೀವಿಯಿಂದ ತೋರಿಸುತ್ತದೆ. ಒಂದು ದಶಮಾಂಶಕ್ಕೆ ತಂದರೆ ಒಂದು ಮಿತಿ 8.1, ಇನ್ನೊಂದು 8.0. ಎರಡೂ ಒಪ್ಪುವುದು 8ರಲ್ಲಿ ಮಾತ್ರ. ಅದೇ ಉತ್ತರ. ಉಳಿದ ಅಂಕಿಗಳು ಯಂತ್ರದವು, ನಿನ್ನ ಅಳತೆಯವಲ್ಲ.

ಕಳೆಯುವಾಗಲೂ ಹೀಗೇ: ಅತಿ ಹೆಚ್ಚಿನ ವ್ಯತ್ಯಾಸ ಬೇಕಾದರೆ ದೊಡ್ಡದರ ಮೇಲ್ಮಿತಿಯಿಂದ ಚಿಕ್ಕದರ ಕೆಳಮಿತಿ ಕಳೆ. ಕೂಡುವುದು, ಗುಣಿಸುವುದು ಅಷ್ಟು ಸತಾಯಿಸುವುದಿಲ್ಲ. ವಯಸ್ಸಿನ ವಿಷಯ ಮಾತ್ರ ಬೇರೆ. ಹದಿನಾರನೆಯ ಹುಟ್ಟುಹಬ್ಬದ ಹಿಂದಿನ ದಿನವೂ ನಿನಗೆ 15 ಅಂತಲೇ ಹೇಳುತ್ತೇವೆ, ಅಲ್ಲಿ 14.5, 15.5 ಅಂತ ಹೋಗಬೇಡ.

ಕೊನೆಯಲ್ಲಿ ಸೊನ್ನೆಗಳಿರುವ ಸಂಖ್ಯೆ ಕಂಡಾಗಲೂ ಎಚ್ಚರ ಬೇಕು. 1856ರಲ್ಲಿ ಭಾರತೀಯ ಸರ್ವೇಕ್ಷಣಾ ಇಲಾಖೆಯವರು ಎವರೆಸ್ಟಿನ ಎತ್ತರ 29,002 ಅಡಿ ಎಂದು ಸಾರಿದರು. ಲೆಕ್ಕ ಸರಿಯಾಗಿ 29,000ಕ್ಕೇ ಬಂದಿತ್ತು, ಜನ ಅಂದಾಜೆಂದುಕೊಂಡಾರೆಂದು ಎರಡಡಿ ಸೇರಿಸಿದರು ಎಂಬ ಕಥೆಯಿದೆ. ಕಥೆ ಹೇಗೇ ಇರಲಿ, ಆ ಅಳುಕು ನ್ಯಾಯವಾದದ್ದೇ. ಸಾಲುಸೊನ್ನೆ ಕಂಡವರು ಅದು ಸಾವಿರಕ್ಕೆ ಸರಿಹೊಂದಿಸಿದ್ದೆಂದು ತಿಳಿದು 28,500ರಿಂದ 29,500ರ ತನಕ ಏನೂ ಇರಬಹುದು ಅಂದುಕೊಳ್ಳುತ್ತಾರೆ. ಅದಕ್ಕೇ, ಪ್ರಶ್ನೆಯಲ್ಲಿ 400 ಕಂಡರೆ ಯಾವ ಸ್ಥಾನಕ್ಕೆ ಎಂಬುದನ್ನು ಮೊದಲು ಓದು. ಹತ್ತಕ್ಕಾದರೆ 395ರಿಂದ 405, ನೂರಕ್ಕಾದರೆ 350ರಿಂದ 450.