ಓರೆಯಾಗಿ ಓಡುವ ಅಕ್ಷರ: ಶೀರ್ಷಿಕೆ ಗೆಲ್ಲಲು ಏಳು ಸೂತ್ರಗಳು

ಕಬಡ್ಡಿ ಪಂದ್ಯದ ಪೋಸ್ಟರಿನಲ್ಲಿ, ಸಿನಿಮಾ ಹೆಸರಿನಲ್ಲಿ, ಹಬ್ಬದ ರಿಯಾಯಿತಿಯ ಬ್ಯಾನರಿನಲ್ಲಿ ದಪ್ಪಗೆ, ಇಕ್ಕಟ್ಟಾಗಿ, ಬಲಕ್ಕೆ ಬಾಗಿದ ಅಕ್ಷರಗಳನ್ನು ದಿನಾ ನೋಡುತ್ತೇವೆ. ಇದು ಬೋಲ್ಡ್ ಕಂಡೆನ್ಸ್ಡ್ ಇಟಾಲಿಕ್. ಸರಿಯಾಗಿ ಬಳಸಿದರೆ ನಿಂತ ಕಾಗದವೂ ಓಡುತ್ತದೆ.

1. ಪದ ಕಡಿಮೆ ಮಾಡಿ. ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಕೆಂಪು ಪಟ್ಟಿಯ ಮೇಲೆ ಫ್ಯೂಚುರಾ ಬೋಲ್ಡ್ ಓರೆ ಅಕ್ಷರದಲ್ಲಿ ಬರೆದದ್ದು ಹೆಚ್ಚಾಗಿ ಒಂದೊಂದೇ ಸಣ್ಣ ವಾಕ್ಯ. ಆದ್ದರಿಂದಲೇ ಅವು ಕಣ್ಣಿಗೆ ನಾಟುತ್ತವೆ. ನಾಲ್ಕು ಪದ ದಾಟಿದರೆ ಬೇರೆ ಫಾಂಟ್ ಹುಡುಕಿ.

2. ಅಗಲದ ಫಾಂಟನ್ನು ಹಿಂಡಬೇಡಿ. ಮೌಸ್ ಹಿಡಿದು ಅಡ್ಡಕ್ಕೆ ಕುಗ್ಗಿಸಿದರೆ ನಿಂತ ಗೆರೆಗಳು ತೆಳುವಾಗುತ್ತವೆ, ಮಲಗಿದ ಗೆರೆಗಳು ದಪ್ಪವಾಗೇ ಉಳಿಯುತ್ತವೆ. ಅಕ್ಷರ ಬಡಕಲಾಗುತ್ತದೆ. ಇಕ್ಕಟ್ಟಿಗೆಂದೇ ಬರೆದ ಫಾಂಟ್ ಬಳಸಿ.

3. ಇಟಾಲಿಕ್ ಗುಂಡಿ ಒತ್ತಿ ಸುಮ್ಮನಾಗಬೇಡಿ. ಫಾಂಟಿನಲ್ಲಿ ನಿಜವಾದ ಓರೆ ರೂಪ ಇಲ್ಲದಿದ್ದರೆ ಸಾಫ್ಟ್‌ವೇರ್ ನೇರ ಅಕ್ಷರವನ್ನೇ ದೂಡಿ ಬಾಗಿಸುತ್ತದೆ. ದುಂಡು ಭಾಗಗಳು ಸೊಟ್ಟಗಾಗುತ್ತವೆ. ವಿನ್ಯಾಸಕಾರರು ಓರೆ ಮಾಡಿದ ಮೇಲೆ ಒಂದೊಂದು ತಿರುವನ್ನೂ ಕೈಯಾರೆ ತಿದ್ದುತ್ತಾರೆ. ಆ ಶ್ರಮಕ್ಕೆ ದುಡ್ಡು ಕೊಡುವುದು ನ್ಯಾಯ.

4. ಚಿಕ್ಕ ಗಾತ್ರಕ್ಕೆ ಇಳಿಸಬೇಡಿ. ಇಕ್ಕಟ್ಟಾದ ಅಕ್ಷರಗಳ ಒಳಗಿನ ಖಾಲಿ ಜಾಗ ಮೊದಲೇ ಕಿರಿದು. ಸುದ್ದಿಪತ್ರಿಕೆಯ ಕಾಗದದಲ್ಲಿ ಶಾಯಿ ಹರಡಿ ಮುಚ್ಚಿಯೇ ಹೋಗುತ್ತದೆ.

5. ಕನ್ನಡಕ್ಕೆ ಇಂಗ್ಲಿಷಿನ ಅಳತೆ ಹಾಕಬೇಡಿ. ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲೇ. ಇಂಗ್ಲಿಷಿನ ಬಹುತೇಕ ದೊಡ್ಡಕ್ಷರಗಳಿಗೆ ಕೆಳಗೆ ಬಾಲವಿಲ್ಲ, ಸಾಲಿನ ಮೇಲೆ ಸಾಲು ಒತ್ತಿ ಕೂರಿಸಬಹುದು. ನಮ್ಮ 'ಸ್ವಾತಂತ್ರ್ಯ', 'ರಾಷ್ಟ್ರ' ಬರೆದು ನೋಡಿ: ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕೇ ಬೇಕು. ಬಾಗಿಸಿದರಂತೂ ಮೇಲಿನ ಗುಡಿಸು ಬಲಕ್ಕೆ, ಕೆಳಗಿನ ಒತ್ತು ಎಡಕ್ಕೆ ಸರಿಯುತ್ತದೆ. ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸಕರ ತಂಡದ 'ಅನೇಕ್ ಕನ್ನಡ' ಫಾಂಟಿನಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೊಂದಿಸಬಹುದು, ಉಚಿತವಾಗಿಯೂ ಸಿಗುತ್ತದೆ. ಇಟಾಲಿಕ್ ಮಾತ್ರ ಇಲ್ಲ. ಓರೆ ಬೇಕೇ ಬೇಕೆಂದರೆ ಪದವನ್ನು ಔಟ್‌ಲೈನ್ ಮಾಡಿ (ಅಂದರೆ ತಿದ್ದಬಹುದಾದ ಆಕಾರಗಳಾಗಿ ಬದಲಿಸಿ), ಆರೆಂಟು ಡಿಗ್ರಿಯಷ್ಟೇ ಬಾಗಿಸಿ, ಒತ್ತುಗಳನ್ನು ಒಂದೊಂದಾಗಿ ಸ್ವಸ್ಥಾನಕ್ಕೆ ತನ್ನಿ. ಅರ್ಧ ಗಂಟೆಯ ಕೆಲಸ. ಕನ್ನಡಕ್ಕೆ ಅಷ್ಟು ಹೊತ್ತು ಕೊಡದವರು ನೇರ ಅಕ್ಷರದಲ್ಲೇ ಇರಲಿ ಎನ್ನುತ್ತೇನೆ.

6. ಜೊತೆಗಾರ ಸೌಮ್ಯನಿರಲಿ. ಕೆಳಗಿನ ದಿನಾಂಕ, ಸ್ಥಳಕ್ಕೆ ತೆಳುವಾದ ನೇರ ಅಕ್ಷರ. ಎಲ್ಲವೂ ಬಾಗಿದರೆ ಯಾವುದೂ ಓಡುತ್ತಿರುವಂತೆ ಕಾಣದು.

7. ಅಚ್ಚಿಗೆ ಮುನ್ನ ಗೋಡೆಗೆ ಅಂಟಿಸಿ, ಇಪ್ಪತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಆಮೇಲೆ ಈಗಷ್ಟೇ ಓದಲು ಕಲಿತ ಮಗುವೊಂದಕ್ಕೆ ತೋರಿಸಿ. ಒತ್ತಕ್ಷರದ ಹತ್ತಿರ ಮಗು ತಡವರಿಸಿದರೆ ಫೈಲನ್ನು ಪ್ರೆಸ್ಸಿಗೆ ಕಳಿಸಬೇಡಿ, ದಯವಿಟ್ಟು ಮತ್ತೆ ತೆರೆದು ತಿದ್ದಿ.