ನೀರಿನಂಚಿಗೆ ನಡೆದು ಹೋಗುವವರು

ಗಾಡಿ ಹೂಡಿಕೊಂಡು ಹೊರಟವನು ಬೇಕಾದುದನ್ನೂ ಬೇಡವಾದುದನ್ನೂ ಹೇರಿಕೊಂಡು ಹೋಗಬಹುದು. ಕಾಲ್ನಡಿಗೆಯವನಿಗೆ ಆ ಸೌಕರ್ಯವಿಲ್ಲ. ಹೆಗಲೇರಿದ ಪ್ರತಿಯೊಂದು ವಸ್ತುವೂ ಸ್ವಲ್ಪ ದಾರಿ ಸವೆಯುತ್ತಲೇ ತನ್ನ ತೂಕವನ್ನು ತಿಳಿಸತೊಡಗುತ್ತದೆ. ಸವದತ್ತಿಯ ಬಳಿಯ ರೇಣುಕಾಸಾಗರದ ದಂಡೆಗೆ ಸಂಜೆ ನಡೆದು ಹೋಗಿ, ಇರುಳೆಲ್ಲ ಗಾಳ ಹಾಕಿ ಕುಳಿತು, ಬೆಳಗಿನ ಜಾವ ಮೀನು ಹೊತ್ತು ಮರಳುವವರ ಚೀಲವನ್ನು ಕಂಡವರಿಗೆ ಈ ಮಾತು ಅರ್ಥವಾದೀತು. ಆ ಚೀಲ ಬಹಳ ಚಿಕ್ಕದು. ಆದರೆ ಅದನ್ನು ಕಟ್ಟುವ ಮೊದಲು ಅವರು ಕಲೆಹಾಕಿದ ತಿಳಿವಳಿಕೆ ಚಿಕ್ಕದಲ್ಲ.

ಮೊದಲು ಆ ನೀರಿನ ಪರಿಚಯವಾಗಬೇಕು. ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕಿತ್ತೂರು, ಬೈಲಹೊಂಗಲದ ಸೀಮೆಗಳನ್ನು ಹಾದು ಸವದತ್ತಿಗೆ ಬರುತ್ತದೆ. ಅಲ್ಲಿ ಬೆಟ್ಟದ ಸಾಲನ್ನು ಸೀಳಿಕೊಂಡು ಹೊರಬೀಳುವ ಇಕ್ಕಟ್ಟಾದ ಕಣಿವೆಯೇ ನವಿಲುತೀರ್ಥ. ಆ ಕಣಿವೆಯ ಬಾಯಿಗೆ ಕಟ್ಟಿದ ಅಣೆಕಟ್ಟು ೧೯೭೦ರ ದಶಕದ ಮೊದಲ ವರ್ಷಗಳಲ್ಲಿ ಪೂರ್ಣಗೊಂಡಿತು. ಅದರ ಹಿಂದೆ ನಿಂತ ಜಲರಾಶಿಗೆ ಎಲ್ಲಮ್ಮನ ಗುಡ್ಡದ ರೇಣುಕೆಯ ಹೆಸರು ಬಂದಿತು. ಸುಮಾರು ೩೭ ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯವನ್ನು ದಾಟಿದ ಮೇಲೆ ನದಿಯು ರಾಮದುರ್ಗದ ಮಗ್ಗುಲಲ್ಲಿ ಹರಿದು, ತನ್ನ ೩೦೪ ಕಿಲೋಮೀಟರುಗಳ ಪಯಣವನ್ನು ಕೂಡಲಸಂಗಮದಲ್ಲಿ ಮುಗಿಸುತ್ತದೆ.

ಕಾರವಾರದ ಕಡಲ ತೀರದಲ್ಲಿ ಬೀಸುಬಲೆ ಹಿಡಿದು ತೆರೆಗಳ ಎದುರಿಗೆ ನಿಲ್ಲುವ ಮೀನುಗಾರನಿಗೂ ನೀರಿನ ಅಂಚು ಸರಿದಾಡುತ್ತದೆ. ಆದರೆ ಕಡಲು ಲೆಕ್ಕ ತಪ್ಪುವುದಿಲ್ಲ. ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಪ್ರತಿದಿನವೂ ಹಿಂದಿನ ದಿನಕ್ಕಿಂತ ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಹೆಚ್ಚು. ತಿಥಿ ತಿಳಿದವನು ನೀರು ಎಂದು ಏರೀತು ಎಂಬುದನ್ನು ಊಹಿಸಬಲ್ಲನು. ಜಲಾಶಯಕ್ಕೆ ಇಂತಹ ಪಂಚಾಂಗವಿಲ್ಲ. ಅದರ ಅಂಚನ್ನು ಸರಿಸುವುದು ಎಲ್ಲಿಯೋ ಬಿದ್ದ ಮಳೆ ಮತ್ತು ಯಾರೋ ಎತ್ತಿದ ಗೇಟು.

ಇಲ್ಲಿಯ ಅಪಾಯದ ಮೂಲ ಇದೇ. ಸವದತ್ತಿಯು ಮಳೆ ಕಡಿಮೆಯಿರುವ ಬಯಲುಸೀಮೆ. ಕಣಕುಂಬಿಯಾದರೋ ಸಹ್ಯಾದ್ರಿಯ ನೆತ್ತಿಯಲ್ಲಿದೆ; ಆಷಾಢ ಶ್ರಾವಣಗಳಲ್ಲಿ ಅಲ್ಲಿ ಮಳೆ ಹಗಲಿರುಳೂ ಸುರಿಯುತ್ತದೆ. ದಂಡೆಯಲ್ಲಿ ಮಲಗಿದವನ ತಲೆಯ ಮೇಲೆ ನಕ್ಷತ್ರಗಳು ಹೊಳೆಯುತ್ತಿರುವಾಗಲೇ ಘಟ್ಟದ ಮಳೆನೀರು ಸದ್ದಿಲ್ಲದೆ ಬಂದು ಅವನ ಕಾಲಡಿಯನ್ನು ನೆನೆಸಬಲ್ಲದು. ಅಣೆಕಟ್ಟಿನ ಕೆಳಗಿನ ಕಥೆ ಇನ್ನೂ ಕಠಿಣ. ೨೦೧೯ರ ಆಗಸ್ಟ್ ತಿಂಗಳಲ್ಲಿ ಜಲಾಶಯದಿಂದ ಭಾರಿ ಪ್ರಮಾಣದ ನೀರನ್ನು ಬಿಡಬೇಕಾಗಿ ಬಂದಾಗ ರಾಮದುರ್ಗ ಪಟ್ಟಣದ ತಗ್ಗಿನ ಬಡಾವಣೆಗಳಿಗೇ ಹೊಳೆ ನುಗ್ಗಿತು. ಊರನ್ನೇ ಹೊಕ್ಕ ನೀರು ದಂಡೆಯ ಮೇಲೆ ಒಂಟಿಯಾಗಿ ಕುಳಿತವನನ್ನು ಲೆಕ್ಕಿಸೀತೆ?

ಆದುದರಿಂದ ಬಲ್ಲವರ ಸಿದ್ಧತೆ ಮನೆಯಲ್ಲಿ ಅಲ್ಲ, ವಿಚಾರಣೆಯಲ್ಲಿ ಆರಂಭವಾಗುತ್ತದೆ. ಘಟ್ಟದಲ್ಲಿ ಮಳೆ ಹೇಗಿದೆ, ಜಲಾಶಯಕ್ಕೆ ಒಳಹರಿವು ಎಷ್ಟು, ಗೇಟು ಎತ್ತುವ ಸೂಚನೆ ಹೊರಟಿದೆಯೇ ಎಂಬುದನ್ನು ಕೇಳಿಕೊಳ್ಳದೆ ಅವರು ಹೊರಡುವುದಿಲ್ಲ. ಜಲಾಶಯದಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಿಗೆ ಪಡೆಯಬೇಕೆಂಬುದನ್ನೂ ಮರೆಯುವುದಿಲ್ಲ. ಯಾವ ಜಾಗಕ್ಕೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬುದನ್ನು ಮನೆಯಲ್ಲಿ ಹೇಳಿಡುತ್ತಾರೆ. ಒಬ್ಬನೇ ಹೋಗುವ ಪದ್ಧತಿಯೂ ಇಲ್ಲ. ಇಬ್ಬರಿದ್ದರೆ ಒಬ್ಬನು ಮಲಗಬಹುದು, ಇನ್ನೊಬ್ಬನು ಎಚ್ಚರವಿರಬಹುದು.

ಇನ್ನು ನೆಲದ ಮಾತು. ಈ ಭಾಗದ ಬಹುಪಾಲು ಎರೆ ಭೂಮಿ. ಬೇಸಗೆಯಲ್ಲಿ ಬಾಯಿ ಬಿಟ್ಟು ಬಿರಿಯುವ ಈ ಮಣ್ಣು ನೀರು ಕುಡಿದೊಡನೆ ಉಬ್ಬಿ ಅಂಟಾಗುತ್ತದೆ. ಮೆಟ್ಟಿಗೆ ಹತ್ತಿದರೆ ಹೆಜ್ಜೆಹೆಜ್ಜೆಗೂ ಕಾಲು ಭಾರವಾಗುತ್ತದೆ. ನೀರು ಹಿಂದೆ ಸರಿದ ಜಾಗದಲ್ಲಿ ಮೋಸ ಇನ್ನೂ ದೊಡ್ಡದು. ಮೇಲೆ ಒಣಗಿದ ಹೊಪ್ಪಳೆ, ಕೆಳಗೆ ಮೊಣಕಾಲಾಳದ ಕೆಸರು! ಹಗಲಿನಲ್ಲಿಯೇ ಮೋಸಹೋಗುವ ಈ ನೆಲದ ಮೇಲೆ ಕತ್ತಲೆಯಲ್ಲಿ ನಡೆಯುವುದು ಬುದ್ಧಿವಂತಿಕೆಯಲ್ಲ. ಸೂರ್ಯನಿರುವಾಗಲೇ ದಂಡೆ ತಲುಪಿ, ಕೋಲಿನಿಂದ ಚುಚ್ಚಿ ನೋಡಿ, ಗಟ್ಟಿ ನೆಲವನ್ನೂ ಹಿಂದಿರುಗುವ ಹಾದಿಯನ್ನೂ ಗುರುತು ಮಾಡಿಕೊಳ್ಳಬೇಕು. ಆ ಒಂದು ಕೋಲು ಎಷ್ಟು ಕೆಲಸ ಮಾಡುತ್ತದೆ! ದಾರಿಯಲ್ಲಿ ಊರುಗೋಲು, ಹುಲ್ಲಿನಲ್ಲಿ ಹಾವನ್ನು ಎಚ್ಚರಿಸುವ ಸದ್ದು, ಕೆಸರಿನಲ್ಲಿ ಅಳತೆಗೋಲು, ಮರಳುವಾಗ ಇಬ್ಬರ ಹೆಗಲ ಮೇಲೆ ಮೀನಿನ ಚೀಲ ತೂಗುವ ಅಡ್ಡೆ. ಕಾಲ್ನಡಿಗೆಯವನು ಆರಿಸುವ ವಸ್ತುಗಳೆಲ್ಲವೂ ಈ ಬಗೆಯವು.

ಚೀಲದಲ್ಲಿರುವುದು ನೈಲಾನ್ ದಾರದ ಒಂದೆರಡು ಸುತ್ತು, ಬೇರೆಬೇರೆ ಅಳತೆಯ ಕೆಲವು ಗಾಳ, ಸೀಸದ ಗುಂಡು, ಒದ್ದೆ ಮಣ್ಣಿನೊಡನೆ ಡಬ್ಬಿಯಲ್ಲಿಟ್ಟ ಎರೆಹುಳು, ಒಂದು ಚೂರಿ, ಬ್ಯಾಟರಿ. ಹಗಲಿನ ಗಾಳಕ್ಕೆ ಬೆಂಡು ಕಟ್ಟುತ್ತಾರೆ. ಅದು ಮುಳುಗುವುದು ಕಣ್ಣಿಗೆ ಕಾಣುತ್ತದೆ. ಇರುಳಿನಲ್ಲಿ ಬೆಂಡನ್ನು ಕಾಣುವವರಾರು? ಅದಕ್ಕೆ ಬದಲಾಗಿ ದಾರಕ್ಕೆ ಒಂದು ಗೆಜ್ಜೆ ಕಟ್ಟಿದರೆ ಕಣ್ಣಿನ ಕೆಲಸವನ್ನು ಕಿವಿ ಮಾಡುತ್ತದೆ. ನೀರಿಗೆ ಹೋಗುವವನಿಗೆ ಕುಡಿಯುವ ನೀರಿನ ಹೊರೆ ಏಕೆ ಎಂದು ನಗುವವರುಂಟು. ಅವರು ಜಲಾಶಯದ ಕಲಕು ನೀರನ್ನು ಕುಡಿದು ಮಲಗಿದವರಲ್ಲ. ಬುತ್ತಿಯ ವಿಷಯದಲ್ಲಿ ಹೊಸದಾಗಿ ಆಲೋಚಿಸುವ ಅಗತ್ಯವೇ ಇಲ್ಲ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ನಡೆದು ಬರುವ ಭಕ್ತರು ಕಟ್ಟುವ ಗಂಟೇ ಇಲ್ಲಿಯೂ ಸಾಕು: ಕೆಡದ ಕಟಿರೊಟ್ಟಿ, ಶೇಂಗಾ ಹಿಂಡಿ, ಒಂದೆರಡು ಉಳ್ಳಾಗಡ್ಡಿ. ಹೊದೆಯಲು ಕಂಬಳಿ. ಅದು ತೂಕದ್ದು, ನಿಜ. ಆದರೆ ಬಯಲಿನಲ್ಲಿ ನೀರಿನ ಮೇಲಿಂದ ಬೀಸುವ ಮಾರ್ಗಶಿರದ ಗಾಳಿಯನ್ನು ತಡೆಯಲು ಬೇರೆ ಉಪಾಯವಿಲ್ಲ.

ಇರುಳು ಕಾಯುವುದೇಕೆ ಎಂಬ ಪ್ರಶ್ನೆ ಸಹಜ. ಬಾಳೆಮೀನು ಮೊದಲಾದ ಮೀಸೆಯ ಮೀನುಗಳು ಕಣ್ಣಿಗಿಂತ ಹೆಚ್ಚಾಗಿ ಮೀಸೆಯನ್ನು ನಂಬಿ ಬದುಕುವ ನಿಶಾಚರಿಗಳು. ಕತ್ತಲಾದ ಮೇಲೆ ಅವು ಆಳವನ್ನು ಬಿಟ್ಟು ದಂಡೆಯ ತೆಳು ನೀರಿಗೆ ಆಹಾರ ಹುಡುಕುತ್ತ ಬರುತ್ತವೆ. ಮೀಸೆಯ ಮೀನುಗಳಲ್ಲಿ ಕೆಲವಕ್ಕೆ ಬೆನ್ನಿನಲ್ಲಿಯೂ ಪಕ್ಕದಲ್ಲಿಯೂ ಚೂಪಾದ ಮುಳ್ಳುಗಳಿರುತ್ತವೆ. ಗಾಳದಿಂದ ಬಿಡಿಸುವಾಗ ಚುಚ್ಚಿದರೆ ಬಹಳ ಹೊತ್ತು ಉರಿಯುತ್ತದೆ. ದಪ್ಪ ಬಟ್ಟೆಯ ತುಂಡೊಂದು ಚೀಲದಲ್ಲಿ ಸೇರುವುದು ಈ ಕಾರಣಕ್ಕೆ.

ಕಾಟ್ಲಾ, ರೋಹು, ಮೃಗಾಲಗಳು ಗಂಗಾ ಬಯಲಿನಿಂದ ಬಂದ ನೆಂಟರು. ಅವು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಮಳೆಗಾಲದ ಹರಿವನ್ನು ಕಾಯುತ್ತವೆ. ೧೯೫೭ರ ಜುಲೈ ೧೦ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಇಂತಹ ಮೀನುಗಳು ಕೊಳದಲ್ಲಿಯೂ ಮರಿಮಾಡುವಂತೆ ಮಾಡಿದರು. ದೂರದ ಜಲಾಶಯಗಳಿಗೆ ಮರಿ ಬಿಡುವುದು ಸುಲಭವಾದದ್ದು ಆ ಬಳಿಕ. ಆದರೆ ಹೊಳೆಯ ಮೂಲನಿವಾಸಿಗಳಿಗೆ ಇಂತಹ ಉಪಚಾರ ಮಾಡುವವರು ಕಡಿಮೆ. ಅವು ಮಳೆಗಾಲದಲ್ಲಿ ತಾವೇ ಹೊಸ ನೀರನ್ನೇರಿ ಮೊಟ್ಟೆಯಿಡಬೇಕು. ಆಗ ಒಂದು ತಾಯಿಮೀನನ್ನು ಹಿಡಿದವನು ಸಾವಿರಾರು ಮರಿಗಳನ್ನು ಕಳೆದಂತೆ. ನೀರು ಉಕ್ಕುವ ಕಾಲವೂ ಮೀನು ಮೊಟ್ಟೆಯಿಡುವ ಕಾಲವೂ ಒಂದೇ ಆಗಿರುವುದರಿಂದ, ದೀಪಾವಳಿಯ ತನಕ ಗಾಳವನ್ನು ಗೂಟಕ್ಕೆ ತೂಗುಹಾಕಿದವನು ತನ್ನ ಜೀವವನ್ನೂ ಮುಂದಿನ ವರ್ಷದ ಬೇಟೆಯನ್ನೂ ಒಟ್ಟಿಗೆ ಕಾಪಾಡಿಕೊಳ್ಳುತ್ತಾನೆ.

ದಂಡೆ ತಲುಪಿದವರು ಗಾಳ ಬಿಚ್ಚುವ ಮೊದಲು ಒಂದು ಸಣ್ಣ ಕಡ್ಡಿಯನ್ನು ನೀರಿನ ಅಂಚಿಗೆ ಸರಿಯಾಗಿ ನೆಡುತ್ತಾರೆ. ಮಲಗುವ ಜಾಗವನ್ನು ಅಲ್ಲಿಂದ ಸಾಕಷ್ಟು ಮೇಲೆ, ಏರಿನಲ್ಲಿ ಆರಿಸುತ್ತಾರೆ. ಎಚ್ಚರವಿರುವವನು ಗೆಜ್ಜೆಗೆ ಕಿವಿಗೊಟ್ಟಿರುತ್ತಾನೆ. ಆಗಾಗ ಬ್ಯಾಟರಿ ಬೆಳಗಿಸಿ ಕಡ್ಡಿಯನ್ನು ನೋಡುತ್ತಾನೆ. ಅದು ಒಣ ನೆಲದಲ್ಲಿಯೇ ಇದ್ದರೆ ಮತ್ತೆ ಕಂಬಳಿ ಹೊದೆಯುತ್ತಾನೆ. ನೀರು ಅದನ್ನು ಸುತ್ತುವರಿದಿದ್ದರೆ, ಗೆಜ್ಜೆ ಎಷ್ಟೇ ಇಂಪಾಗಿ ನುಡಿಯುತ್ತಿರಲಿ, ಜೊತೆಗಾರನನ್ನು ಎಬ್ಬಿಸಿ ಗಂಟು ಕಟ್ಟುತ್ತಾನೆ.

ಎಲ್ಲವೂ ನೆಟ್ಟಗೆ ನಡೆದ ದಿನ ಬೆಳ್ಳಿ ಮೂಡುವ ಹೊತ್ತಿಗೆ ಬುತ್ತಿಯ ಗಂಟು ಬರಿದಾಗಿರುತ್ತದೆ, ಅದರ ಜಾಗಕ್ಕೆ ಮೀನು ಬಂದಿರುತ್ತದೆ. ಹೊಟ್ಟೆ ಸೀಳಿ ಸ್ವಚ್ಛಗೊಳಿಸಿ, ಒದ್ದೆ ಹುಲ್ಲಿನಲ್ಲಿ ಸುತ್ತಿ, ಅಡ್ಡೆಗೆ ತೂಗಿಕೊಂಡು ಇಬ್ಬರೂ ಬೇಗಬೇಗನೆ ಹೆಜ್ಜೆ ಹಾಕುತ್ತಾರೆ. ಬಿಸಿಲೇರುವ ಮುನ್ನ ಊರು ಸೇರಬೇಕು.