ಹುಣಸೆ ಮರದ ಹರಾಜು, ಆರ್‌ಸಿಬಿ ಪರ್ಸು: ಸೀಸನ್ ಇಲ್ಲದಾಗ ನಡೆಯುವ ಆಟದ ಲೆಕ್ಕ

ಕ್ರಿಕೆಟ್ ಬಗ್ಗೆ ನಮ್ಮ ಹಾಸ್ಟೆಲ್‌ಗಳಲ್ಲಿ ನಡೆಯೋ ಜಗಳಗಳಲ್ಲಿ ಅರ್ಧಕ್ಕರ್ಧ ಆಟದ ಬಗ್ಗೆ ಅಲ್ಲ, ಆಟಗಾರರ ಬೆಲೆ ಬಗ್ಗೆ. "ಅವನಿಗೆ ಅಷ್ಟು ಕೋಟಿ ಯಾಕೆ ಕೊಟ್ರು? ಇವನನ್ನ ಯಾಕೆ ಬಿಟ್ರು?" ಈ ಪ್ರಶ್ನೆಗಳಿಗೆ ಅಭಿಮಾನದಿಂದ ಉತ್ತರ ಸಿಗಲ್ಲ, ಲೆಕ್ಕದಿಂದ ಸಿಗುತ್ತೆ. ಎರಡನೇ ವರ್ಷದ ಪ್ರಾಬಬಿಲಿಟಿ, ಮೂರನೇ ವರ್ಷದ ಆಪ್ಟಿಮೈಸೇಶನ್ ಓದಿದವರಿಗೆ ಬೇಕಾದ ಗಣಿತವೆಲ್ಲ ಈಗಾಗಲೇ ಕೈಯಲ್ಲಿದೆ. ಈ ಸಂಚಿಕೆಯ ಪಾಠದಲ್ಲಿ ಅದನ್ನು ಆರ್‌ಸಿಬಿ ಮೇಲೂ ನಮ್ಮೂರ ಹುಣಸೆ ಮರದ ಮೇಲೂ ಪ್ರಯೋಗಿಸಿ ನೋಡೋಣ.

ಆಟಗಾರ ಬರುವ ಬಾಗಿಲುಗಳು

ಅಮೆರಿಕದ ಬೇಸ್‌ಬಾಲ್‌ನಲ್ಲಿ ಸೀಸನ್ ಮುಗಿದ ಮೇಲಿನ ಚಳಿಗಾಲವೇ ಒಂದು ಸೀಸನ್. ಒಪ್ಪಂದ ಮುಗಿದ ಆಟಗಾರ ತನಗೆ ಬೇಕಾದ ತಂಡದ ಜೊತೆ ಮಾತಾಡಿ ಸಹಿ ಹಾಕಬಹುದು; ಅವನನ್ನು ಫ್ರೀ ಏಜೆಂಟ್ ಅಂತಾರೆ. 2024ರ ಡಿಸೆಂಬರ್‌ನಲ್ಲಿ ಹುವಾನ್ ಸೋಟೊ ನ್ಯೂಯಾರ್ಕ್ ಮೆಟ್ಸ್ ಜೊತೆ ಹೀಗೇ 15 ವರ್ಷಕ್ಕೆ 76.5 ಕೋಟಿ ಡಾಲರ್‌ಗೆ ಸಹಿ ಮಾಡಿದ. ಎರಡನೇ ಬಾಗಿಲು ಟ್ರೇಡ್, ಅಂದರೆ ತಂಡ ತಂಡಗಳ ನಡುವಿನ ಅದಲು ಬದಲು. ಮೂರನೆಯದು ಹೊಸ ಹುಡುಗರನ್ನು ಸರದಿ ಪ್ರಕಾರ ಆರಿಸುವ ಡ್ರಾಫ್ಟ್.

ಐಪಿಎಲ್‌ನಲ್ಲಿ ಮುಖ್ಯ ಬಾಗಿಲು ಹರಾಜು. ಮೊದಲ ಹರಾಜು 2008ರ ಫೆಬ್ರವರಿ 20ರಂದು ಮುಂಬೈಯಲ್ಲಿ ನಡೀತು. ಆಮೇಲೆ ರಿಟೆನ್ಶನ್ ಬಂತು, ಟ್ರೇಡ್ ಬಂತು. ಡ್ರಾಫ್ಟ್ ಕೂಡ ಒಮ್ಮೆ ಇತ್ತು: 2008ರಲ್ಲಿ 19 ವರ್ಷದೊಳಗಿನ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸಿದವು. ಮೊದಲ ಸರದಿ ಇದ್ದ ಡೆಲ್ಲಿ ತನ್ನೂರಿನವನೇ ಆದ ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿತು. ಬೆಂಗಳೂರಿಗೆ ವಿರಾಟ್ ಕೊಹ್ಲಿ ಸಿಕ್ಕಿದ, 30,000 ಡಾಲರ್‌ಗೆ.

ಬಾಗಿಲು ಯಾವುದೇ ಇರಲಿ, ಒಳಗಿನ ಗಣಿತ ಒಂದೇ. ಅದನ್ನ ನಾಲ್ಕು ಪಾಠ ಮಾಡ್ಕೊಂಡಿದ್ದೇವೆ.

ಪಾಠ 1: ಚೀಲ ಒಂದೇ, ತುಂಬೋದು ಹೇಗೆ?

ಆಲ್ಗಾರಿದಮ್ಸ್ ತರಗತಿಯ ನ್ಯಾಪ್‌ಸ್ಯಾಕ್ ಸಮಸ್ಯೆ ನೆನಪಿರಬೇಕು. ಚೀಲದ ತೂಕಕ್ಕೆ ಮಿತಿ ಇದೆ. ಒಳಗೆ ಹಾಕೋ ವಸ್ತುಗಳ ಒಟ್ಟು ಮೌಲ್ಯ ಹೆಚ್ಚಾಗಬೇಕು. 2025ರ ಐಪಿಎಲ್‌ಗೆ ಒಂದೊಂದು ತಂಡದ ಚೀಲ 120 ಕೋಟಿ. ಅದರಲ್ಲಿ ಕನಿಷ್ಠ 18, ಗರಿಷ್ಠ 25 ಆಟಗಾರರು, ವಿದೇಶಿಯರು 8ಕ್ಕಿಂತ ಹೆಚ್ಚಿಲ್ಲ, ಆಡುವ ಹನ್ನೊಂದರಲ್ಲಿ ವಿದೇಶಿಯರು 4 ಮಾತ್ರ.

ಆರ್‌ಸಿಬಿ ಮಾಡಿದ್ದು ನೋಡಿ. ಕೊಹ್ಲಿ 21 ಕೋಟಿ, ರಜತ್ ಪಾಟಿದಾರ್ 11, ಯಶ್ ದಯಾಳ್ 5: ಮೂವರನ್ನೇ ಉಳಿಸಿಕೊಂಡು 83 ಕೋಟಿ ಹಿಡಿದು 2024ರ ನವೆಂಬರ್ 24-25ರಂದು ಜೆಡ್ಡಾದ ಹರಾಜಿಗೆ ಹೋಯಿತು. ಮೊದಲ ದಿನ ಅಭಿಮಾನಿಗಳಿಗೆ ಹೊಟ್ಟೆ ಉರಿದದ್ದು ನಿಜ. ಪಕ್ಕದಲ್ಲಿ ಲಕ್ನೋ ರಿಷಭ್ ಪಂತ್‌ಗೆ 27 ಕೋಟಿ, ಪಂಜಾಬ್ ಶ್ರೇಯಸ್ ಅಯ್ಯರ್‌ಗೆ 26.75 ಕೋಟಿ, ಕೋಲ್ಕತ್ತಾ ವೆಂಕಟೇಶ್ ಅಯ್ಯರ್‌ಗೆ 23.75 ಕೋಟಿ ಕೊಟ್ಟರೆ ನಮ್ಮವರು ಅಂಥ ಬೆಲೆಗೆ ಯಾರನ್ನೂ ಕೊಳ್ಳಲಿಲ್ಲ. ಕೊನೆಗೆ ಆರ್‌ಸಿಬಿಯ ಅತಿ ದುಬಾರಿ ಖರೀದಿ ಜೋಶ್ ಹೇಜಲ್‌ವುಡ್, 12.5 ಕೋಟಿ. ಆಮೇಲೆ ಫಿಲ್ ಸಾಲ್ಟ್ 11.5, ಜಿತೇಶ್ ಶರ್ಮಾ 11, ಭುವನೇಶ್ವರ್ ಕುಮಾರ್ 10.75, ಲಿವಿಂಗ್‌ಸ್ಟನ್ 8.75, ರಸಿಖ್ ದಾರ್ 6, ಕೃಣಾಲ್ ಪಾಂಡ್ಯ 5.75, ಟಿಮ್ ಡೇವಿಡ್ 3, ದೇವದತ್ತ ಪಡಿಕ್ಕಲ್ 2.

ಕೂಡಿ ನೋಡಿ: ಈ ಒಂಬತ್ತು ಮಂದಿಗೆ 71.25 ಕೋಟಿ. ಪಂತ್, ಶ್ರೇಯಸ್, ವೆಂಕಟೇಶ್ ಮೂವರ ಬೆಲೆ 77.5 ಕೋಟಿ. ಮೂವರ ದುಡ್ಡಲ್ಲಿ ಒಂಬತ್ತು ಜನ ಬಂದರು, ಆರು ಕೋಟಿಗೂ ಹೆಚ್ಚು ಉಳೀತು.

ಇಲ್ಲಿ ಬೇಸ್‌ಬಾಲ್‌ನಿಂದ ಕಲಿಯಬೇಕಾದ್ದು "ಬದಲಿ ಆಟಗಾರ" ಅನ್ನೋ ಅಳತೆಗೋಲು. ಒಬ್ಬನ ಬೆಲೆಯನ್ನು ಸೊನ್ನೆಯಿಂದ ಅಳೀಬಾರದು. ಅವನ ಜಾಗದಲ್ಲಿ ಅತಿ ಕಡಿಮೆ ದುಡ್ಡಿಗೆ ಸಿಗುವವನಿಂದ ಅಳೀಬೇಕು. ಒಂದು ಕಾಲ್ಪನಿಕ ಉದಾಹರಣೆ: 30 ಲಕ್ಷಕ್ಕೆ ಸಿಗುವ ಬ್ಯಾಟರ್ ಪಂದ್ಯಕ್ಕೆ ಸರಾಸರಿ 25 ರನ್, 3 ಕೋಟಿಯವನು 34, 20 ಕೋಟಿಯವನು 40 ಅಂತ ಇಟ್ಟುಕೊಳ್ಳಿ. 3 ಕೋಟಿಯವನಿಗೆ ಹೆಚ್ಚಿಗೆ ಕೊಟ್ಟದ್ದು 2.7 ಕೋಟಿ, ಸಿಕ್ಕಿದ್ದು 9 ರನ್, ಕೋಟಿಗೆ 3.3 ರನ್. 20 ಕೋಟಿಯವನಿಗೆ ಹೆಚ್ಚಿಗೆ ಕೊಟ್ಟದ್ದು 19.7 ಕೋಟಿ, ಸಿಕ್ಕಿದ್ದು 15 ರನ್. ಕೋಟಿಗೆ ಮುಕ್ಕಾಲು ರನ್.

ಹಾಗಾದರೆ ಎಲ್ಲರೂ 3 ಕೋಟಿಯವರೇ ಇರಲಿ ಅನ್ನಬಹುದಾ? ಇಲ್ಲ. ದುಡ್ಡಿನ ಜೊತೆ ಜಾಗಕ್ಕೂ ಮಿತಿ ಇದೆ, ಆಡೋದು ಹನ್ನೊಂದೇ ಜನ. ಎಲ್ಲ ಜಾಗಕ್ಕೂ ಪರವಾಗಿಲ್ಲ ಅನ್ನುವವರು ಸಿಕ್ಕಿ ಆದ ಮೇಲೂ ದುಡ್ಡು ಉಳಿದಿದ್ದರೆ, ಆಗ ಆ 6 ರನ್ನಿಗಾಗಿ ದುಬಾರಿಯವನು ಬೇಕಾಗ್ತಾನೆ. ಮೊದಲು ತೂತು ಮುಚ್ಚು, ಆಮೇಲೆ ಬಣ್ಣ ಬಳಿ. ಕ್ರಮ ಇಷ್ಟೇ.

ಪಾಠ 2: ಗೆದ್ದವನಿಗೆ ಅಂಟುವ ಶಾಪ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯಿಂದ ಬಂದವರಿಗೆ ಹುಣಸೆ ಮರ ಗುತ್ತಿಗೆ ಹಿಡಿಯೋದು ಹೇಳಿಕೊಡಬೇಕಾಗಿಲ್ಲ. ಬಡವನಹಳ್ಳಿ ಸುತ್ತಿನ ಯಾವುದೋ ಊರಲ್ಲಿ ಐದು ಮರ ಹರಾಜಿಗಿವೆ ಅಂದುಕೊಳ್ಳಿ. ಕಾಯಿ ಇನ್ನೂ ಮರದ ಮೇಲೇ ಇದೆ. ನೋಡೋಕೆ ಐದು ಜನ ವ್ಯಾಪಾರಿಗಳು ಬಂದಿದ್ದಾರೆ. ಕತ್ತೆತ್ತಿ ನೋಡಿ, ಕೊಂಬೆ ಎಣಿಸಿ, ಒಬ್ಬೊಬ್ಬರೂ ಒಂದೊಂದು ಅಂದಾಜು ಹಾಕ್ತಾರೆ. ಮರದಲ್ಲಿ ನಿಜವಾಗಿ ಇರೋದು 10 ಕ್ವಿಂಟಾಲ್. ಅಂದಾಜುಗಳು 8, 9, 10, 11, 12. ಸರಾಸರಿ ಸರಿಯಾಗಿ 10. ಅಂದರೆ ಈ ಐದು ಜನ ಒಟ್ಟಾಗಿ ದಡ್ಡರೇನಲ್ಲ. ಆದರೆ ಮರ ಸಿಗೋದು ಸರಾಸರಿಯವನಿಗಲ್ಲ, 12 ಅಂದವನಿಗೆ! ಎಲ್ಲರಿಗಿಂತ ಹೆಚ್ಚು ಏರಿಸಿ ಅಂದಾಜು ಹಾಕಿದವನೇ ಗೆದ್ದ. ಹಣ್ಣು ಉದುರಿಸಿದ ದಿನ ಅವನ ಲೆಕ್ಕ ಕೈ ಕೊಡುತ್ತೆ.

ಇದಕ್ಕೆ "ಗೆದ್ದವನ ಶಾಪ" ಅಂತ ಹೆಸರು. 1971ರಲ್ಲಿ ಇದನ್ನು ಬರೆದು ತೋರಿಸಿದವರು ಅರ್ಥಶಾಸ್ತ್ರಜ್ಞರಲ್ಲ, ಇಂಜಿನಿಯರ್‌ಗಳು: ಅಟ್ಲಾಂಟಿಕ್ ರಿಚ್‌ಫೀಲ್ಡ್ ತೈಲ ಕಂಪನಿಯ ಕೇಪನ್, ಕ್ಲ್ಯಾಪ್ ಮತ್ತು ಕ್ಯಾಂಪ್‌ಬೆಲ್. ಸಮುದ್ರದಡಿಯ ಎಣ್ಣೆ ಬಾವಿಗಳ ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ಅಂದುಕೊಂಡಷ್ಟು ಲಾಭ ಯಾಕೆ ಬರುತ್ತಿಲ್ಲ ಅನ್ನೋದು ಅವರ ಪ್ರಶ್ನೆ. ಹರಾಜಿನ ಸಿದ್ಧಾಂತ ಬೆಳೆಸಿದ ಪಾಲ್ ಮಿಲ್‌ಗ್ರಾಮ್ ಮತ್ತು ರಾಬರ್ಟ್ ವಿಲ್ಸನ್‌ಗೆ 2020ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಗಣಿತಕ್ಕೆ ಇಳಿಯೋಣ. ಪ್ರತಿಯೊಬ್ಬರ ಅಂದಾಜೂ 7ರಿಂದ 13ರ ನಡುವೆ ಎಲ್ಲಿ ಬೇಕಾದರೂ ಸಮ ಸಂಭವದಲ್ಲಿ ಬೀಳುತ್ತೆ ಅಂತ ಇಟ್ಟುಕೊಳ್ಳಿ. n ಜನ ಇದ್ದರೆ ಅತಿ ದೊಡ್ಡ ಅಂದಾಜಿನ ನಿರೀಕ್ಷಿತ ಬೆಲೆ 7 + 6 × n/(n+1). ಐದು ಜನಕ್ಕೆ 12. ಹತ್ತು ಜನಕ್ಕೆ ಸುಮಾರು 12.45. ಐಪಿಎಲ್‌ನಂಥ ಕೂಗುವ ಹರಾಜಿನಲ್ಲಿ ಬೆಲೆ ನಿಲ್ಲೋದು ಎರಡನೆಯವನು ಕೈ ಇಳಿಸಿದಾಗ. ಆದ್ದರಿಂದ ಎರಡನೇ ದೊಡ್ಡ ಅಂದಾಜು ನೋಡಬೇಕು: 7 + 6 × (n−1)/(n+1). ಐದು ಜನಕ್ಕೆ 11, ಹತ್ತು ಜನಕ್ಕೆ ಸುಮಾರು 11.9. ಎಲ್ಲರೂ ತಮ್ಮ ಅಂದಾಜಿನ ತನಕ ಕಣ್ಣು ಮುಚ್ಚಿ ಕೂಗಿದರೆ, ಹೇಗೆ ನೋಡಿದರೂ 10ಕ್ಕಿಂತ ಜಾಸ್ತಿಯೇ. ಕೂಗುವವರು ಹೆಚ್ಚಿದಷ್ಟೂ ಶಾಪ ಗಟ್ಟಿ. ಹಾಗಾಗಿ ಜನ ಜಾಸ್ತಿ ಇದ್ದಲ್ಲಿ ಜಾಣ ವ್ಯಾಪಾರಿ ತನ್ನ ಅಂದಾಜನ್ನು ಮೊದಲೇ ಇಳಿಸಿಕೊಂಡು ಹೋಗ್ತಾನೆ. ನಮ್ಮಲ್ಲಿ ಹೆಚ್ಚಿನವರು ತದ್ವಿರುದ್ಧ ಮಾಡ್ತೀವಿ: "ಇಷ್ಟು ಜನ ಮುಗಿಬಿದ್ದಿದ್ದಾರೆ ಅಂದ್ಮೇಲೆ ಏನೋ ಇರಬೇಕು" ಅಂತ ಇನ್ನೂ ಏರಿಸ್ತೀವಿ.

ಈಗ ಆಟಕ್ಕೆ ಬನ್ನಿ. 23.75 ಕೋಟಿಯ ವೆಂಕಟೇಶ್ ಅಯ್ಯರ್ 2025ರಲ್ಲಿ 11 ಪಂದ್ಯಗಳಲ್ಲಿ 142 ರನ್ ಮಾಡಿದರು. ಕೋಲ್ಕತ್ತಾ ಅವರನ್ನು ಬಿಟ್ಟಿತು. ಮುಂದಿನ ಹರಾಜಿನಲ್ಲಿ ಅದೇ ಆಟಗಾರ 7 ಕೋಟಿಗೆ ಆರ್‌ಸಿಬಿಗೆ ಬಂದರು. ಆದರೆ ಶಾಪ ಅನ್ನೋದು ವಿಧಿಯಲ್ಲ, ಸರಾಸರಿ ಮಾತ್ರ. 26.75 ಕೋಟಿಯ ಶ್ರೇಯಸ್ ಅಯ್ಯರ್ 604 ರನ್ ಹೊಡೆದು ಪಂಜಾಬನ್ನು ಫೈನಲ್‌ಗೆ ತಂದರು. ಇನ್ನೊಂದು ವ್ಯತ್ಯಾಸವೂ ಇದೆ. ಹುಣಸೆ ಯಾರ ಕೈ ಸೇರಿದರೂ 10 ಕ್ವಿಂಟಾಲೇ, ಆಟಗಾರ ಹಾಗಲ್ಲ. ನಾಯಕನೇ ಇಲ್ಲದ ತಂಡಕ್ಕೆ ನಾಯಕನ ಬೆಲೆ ನಿಜವಾಗಿಯೂ ಹೆಚ್ಚು. ಹೆಚ್ಚು ಕೊಟ್ಟವರೆಲ್ಲ ಮೋಸ ಹೋದರು ಅನ್ನಲಾಗದು.

ಪಾಠ 3: ಅದಲು ಬದಲಲ್ಲಿ ಇಬ್ಬರೂ ಗೆಲ್ಲಬಹುದು

ನಮ್ಮ ಪಡಿಕ್ಕಲ್ ಕಥೆ ತಗೊಳ್ಳಿ. 2020ರಲ್ಲಿ ಆರ್‌ಸಿಬಿಗೆ 473 ರನ್. 2022ರಲ್ಲಿ ರಾಜಸ್ಥಾನ 7.75 ಕೋಟಿಗೆ ಕೊಂಡಿತು. ಅಲ್ಲಿ ಆರಂಭಿಕರಾಗಿ ಬಟ್ಲರ್, ಜೈಸ್ವಾಲ್ ಇದ್ದರು. ಪಡಿಕ್ಕಲ್‌ಗೆ ಆರಂಭಿಕನ ಜಾಗ ಖಾಯಂ ಆಗಿ ಸಿಗಲಿಲ್ಲ. 2023ರ ನವೆಂಬರ್‌ನಲ್ಲಿ ರಾಜಸ್ಥಾನ ಅವರನ್ನು ಲಕ್ನೋಗೆ ಕೊಟ್ಟು ವೇಗಿ ಆವೇಶ್ ಖಾನ್‌ರನ್ನು ತಗೊಂಡಿತು. ಮನೆಯಲ್ಲಿ ರಾಗಿ ಜಾಸ್ತಿ ಇರೋನು, ಕಡಲೇಕಾಯಿ ಜಾಸ್ತಿ ಇರೋನು ಬದಲಾಯಿಸಿಕೊಂಡ ಹಾಗೆ: ಹೊಸದಾಗಿ ಏನೂ ಬೆಳೀದೆ ಇಬ್ಬರಿಗೂ ಲಾಭ. ಲೆಕ್ಕ ಸರಿಯಾಗಿತ್ತು, ಫಲಿತಾಂಶ ಮಾತ್ರ ಒಂದೇ ಕಡೆ ವಾಲಿತು. 2024ರಲ್ಲಿ ಆವೇಶ್ 19 ವಿಕೆಟ್ ತೆಗೆದರು. ಪಡಿಕ್ಕಲ್ ಏಳು ಪಂದ್ಯದಲ್ಲಿ 38 ರನ್.

ಅದರ ಮುಂದಿನ ಹರಾಜಿನ ಮೊದಲ ಸುತ್ತಿನಲ್ಲಿ ಪಡಿಕ್ಕಲ್‌ರನ್ನು ಯಾರೂ ಕೇಳಲಿಲ್ಲ. ಆಮೇಲೆ ಆರ್‌ಸಿಬಿ ಮೂಲಬೆಲೆ 2 ಕೋಟಿಗೇ ಕೊಂಡಿತು. ಒಂದು ಕೆಟ್ಟ ಸೀಸನ್ ಅನ್ನೋದು ಏಳು ಪಂದ್ಯದ ಸ್ಯಾಂಪಲ್. ಮಾರುಕಟ್ಟೆ ಅದನ್ನ ಇಡೀ ಮನುಷ್ಯ ಅಂತ ಓದಿತು. 2025ರಲ್ಲಿ ಅವರು 10 ಪಂದ್ಯಗಳಲ್ಲಿ 247 ರನ್ ಮಾಡಿದರು.

ಪಾಠ 4: ಫಲಿತಾಂಶ ಬೇರೆ, ತೀರ್ಮಾನ ಬೇರೆ

2011ರ ಹರಾಜಿನಲ್ಲಿ ಕ್ರಿಸ್ ಗೇಲ್‌ರನ್ನು ಯಾರೂ ಕೊಳ್ಳಲಿಲ್ಲ, ಆರ್‌ಸಿಬಿಯೂ ಸೇರಿದಂತೆ. ಡರ್ಕ್ ನ್ಯಾನೆಸ್ ಗಾಯಗೊಂಡಾಗ ಬದಲಿಯಾಗಿ ಕರೆಸಿದರು. 12 ಪಂದ್ಯ, 608 ರನ್, ಆರೆಂಜ್ ಕ್ಯಾಪ್, ತಂಡ ಫೈನಲ್‌ನಲ್ಲಿ. ಇದು ಜಾಣ್ಮೆಯಾ, ಅದೃಷ್ಟವಾ? ಎರಡೂ. ಯಜುವೇಂದ್ರ ಚಹಲ್‌ರನ್ನು ಬಿಟ್ಟುಕೊಟ್ಟ 2022ರಲ್ಲೇ ಅವರು ರಾಜಸ್ಥಾನಕ್ಕೆ 27 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಹಾಕ್ಕೊಂಡರು. ಚಿಕ್ಕ ಬೌಂಡರಿಯ ಚಿನ್ನಸ್ವಾಮಿಯಲ್ಲಿ ವರ್ಷಗಟ್ಟಲೆ ಹೊಡೆತ ತಿಂದೂ ವಿಕೆಟ್ ತೆಗೆದವನನ್ನು ಬಿಟ್ಟದ್ದು, ಫಲಿತಾಂಶ ನೋಡದೇನೂ ಪ್ರಶ್ನಿಸಬಹುದಾದ ತೀರ್ಮಾನ.

ಬೇಸ್‌ಬಾಲ್‌ನಲ್ಲಿ ಇದರ ಪ್ರಸಿದ್ಧ ಉದಾಹರಣೆ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್. ದೊಡ್ಡ ತಾರೆ ಜೇಸನ್ ಜಿಯಾಂಬಿ ಯಾಂಕೀಸ್‌ಗೆ ಹೋದ ಮೇಲೆ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ "ಇನ್ನೊಬ್ಬ ಜಿಯಾಂಬಿ" ಹುಡುಕಲಿಲ್ಲ. ಹೊಡೆತದಿಂದಲೋ ನಾಲ್ಕು ಕೆಟ್ಟ ಚೆಂಡು ಬಿಟ್ಟೋ, ಅಂತೂ ಔಟಾಗದೆ ಬೇಸ್ ತಲುಪುವವರಿಗೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ ಇದೆ ಅಂತ ಕಂಡುಕೊಂಡು ಅಂಥವರನ್ನೇ ಕೊಂಡ. 2002ರಲ್ಲಿ ಓಕ್‌ಲ್ಯಾಂಡ್ 103 ಪಂದ್ಯ ಗೆದ್ದಿತು. ಅದರ ಸುಮಾರು ಮೂರು ಪಟ್ಟು ಸಂಬಳ ಕೊಟ್ಟ ಯಾಂಕೀಸ್ ಗೆದ್ದದ್ದೂ 103. ಆದರೂ ಓಕ್‌ಲ್ಯಾಂಡ್ ಚಾಂಪಿಯನ್ ಆಗಲಿಲ್ಲ. ಒಳ್ಳೆ ತೀರ್ಮಾನ ಗೆಲುವಿನ ಸಂಭವ ಹೆಚ್ಚಿಸುತ್ತೆ, ಕಪ್ಪನ್ನು ಕೈಗಿಡೋದಿಲ್ಲ.

ಆರ್‌ಸಿಬಿಗೆ 2025ರ ಜೂನ್ 3ರಂದು ಎರಡೂ ಕೂಡಿ ಬಂದವು. ಪಂಜಾಬ್ ಮೇಲೆ 6 ರನ್ ಗೆಲುವು, 5.75 ಕೋಟಿಯ ಕೃಣಾಲ್ 17 ರನ್ನಿಗೆ 2 ವಿಕೆಟ್ ತೆಗೆದು ಪಂದ್ಯಶ್ರೇಷ್ಠ. ಹೇಜಲ್‌ವುಡ್ ಆ ಸೀಸನ್‌ನಲ್ಲಿ 22 ವಿಕೆಟ್ ತೆಗೆದಿದ್ದರು. ಮರುದಿನ ಚಿನ್ನಸ್ವಾಮಿ ಹೊರಗಿನ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳಕೊಂಡರು. ಆ ನಷ್ಟ ಯಾವ ಪರ್ಸಿನ ಲೆಕ್ಕಕ್ಕೂ ಸಿಗುವಂಥದ್ದಲ್ಲ.

ನಮಗೇನು?

ಇಷ್ಟು ಹೊತ್ತು ನಾವು ಕೊಳ್ಳುವವರ ಕಡೆ ಕೂತು ಲೆಕ್ಕ ಹಾಕಿದೆವು. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ನಾವೇ ಹರಾಜಿನ ಪಟ್ಟಿಯಲ್ಲಿರ್ತೀವಿ. ಆದ್ದರಿಂದ ಆ ಕಡೆಯಿಂದಲೂ ಒಂದು ನೋಟ ಬೇಕು.

1969ರಲ್ಲಿ ಸೇಂಟ್ ಲೂಯಿಸ್ ತಂಡ ಕರ್ಟ್ ಫ್ಲಡ್‌ನನ್ನು ಫಿಲಡೆಲ್ಫಿಯಾಕ್ಕೆ ಟ್ರೇಡ್ ಮಾಡಿತು. ಅವನು ಹೋಗೋದಿಲ್ಲ ಅಂದ, ಕೋರ್ಟಿಗೆ ಹೋದ. ಒಪ್ಪಂದ ಮುಗಿದರೂ ಆಟಗಾರ ತಂಡದ ಸ್ವತ್ತೇ ಅನ್ನೋ ಕಾಲ ಅದು. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವನ ವಿರುದ್ಧವೇ ತೀರ್ಪು ಕೊಟ್ಟಿತು. ಆದರೆ 1975ರ ಡಿಸೆಂಬರ್‌ನಲ್ಲಿ, ಬೇರೆ ಇಬ್ಬರು ಆಟಗಾರರ ಪ್ರಕರಣದಲ್ಲಿ, ಪಂಚ ಪೀಟರ್ ಸೈಟ್ಜ್ ಆಟಗಾರರ ಪರ ತೀರ್ಪಿತ್ತ. ಸೋಟೊನ 76.5 ಕೋಟಿ ಡಾಲರಿನ ಬೇರು ಅಲ್ಲಿದೆ. ಐಪಿಎಲ್ ಹರಾಜಿನಲ್ಲಿ ಇವತ್ತಿಗೂ ಆಟಗಾರ ತಂಡ ಆರಿಸಿಕೊಳ್ಳುವ ಹಾಗಿಲ್ಲ.

ಆಫರ್ ಲೆಟರ್‌ನಲ್ಲಿ "ಎರಡು ವರ್ಷ ಬಾಂಡ್" ಅನ್ನೋ ಸಾಲು ಕಂಡಾಗ ಫ್ಲಡ್‌ನನ್ನು ನೆನಪಿಸಿಕೊಳ್ಳಿ. ಬಿಟ್ಟು ಹೋಗುವ ಹಕ್ಕಿಗೂ ಒಂದು ಬೆಲೆ ಇದೆ. ಪ್ಯಾಕೇಜ್ ಎಷ್ಟು ಅಂತ ಹೋಲಿಸುವಾಗ ಆ ಬೆಲೆಯನ್ನು ಕಳೆದು ಹೋಲಿಸಿ. ಮೊದಲ ಕಂಪನಿಯಲ್ಲಿ ಆಗಲಿಲ್ಲ ಅಂತ ಕುಗ್ಗಿದ ಗೆಳೆಯರಿಗೆ ಪಡಿಕ್ಕಲ್ ಲೆಕ್ಕ ಹೇಳಿ: ಮೊದಲ ಸುತ್ತಲ್ಲಿ ಯಾರೂ ಕೇಳದಿದ್ದದ್ದು ಆ ದಿನದ ಮಾರುಕಟ್ಟೆಯ ವರದಿ, ನಿಮ್ಮ ವರದಿಯಲ್ಲ.

ಮಾಡಿ ನೋಡಿ

1. ಹುಣಸೆ ಮರದ ಹರಾಜನ್ನು ಪೈಥಾನ್‌ನಲ್ಲಿ 10,000 ಸಲ ಓಡಿಸಿ. ಪ್ರತಿಯೊಬ್ಬರೂ ತಮ್ಮ ಅಂದಾಜಿನಿಂದ ಎಷ್ಟು ಕಳೆದು ಕೂಗಿದರೆ ಗೆದ್ದವನಿಗೆ ಸರಾಸರಿ ನಷ್ಟ ಸೊನ್ನೆಯಾಗುತ್ತೆ? ಐದು ಜನಕ್ಕೂ ಹತ್ತು ಜನಕ್ಕೂ ಬೇರೆ ಬೇರೆ ಕಂಡುಹಿಡಿಯಿರಿ.

2. ಆರ್‌ಸಿಬಿಯ 83 ಕೋಟಿಯನ್ನು ಜೆಡ್ಡಾದ ಬೆಲೆಗಳಲ್ಲೇ ಬೇರೆ ರೀತಿ ಖರ್ಚು ಮಾಡಿ ತಂಡ ಕಟ್ಟಿ. ವಿದೇಶಿ ಮಿತಿ ಮರೀಬೇಡಿ. 2025ರ ಫಲಿತಾಂಶ ನೋಡದೆ, 2024ರ ಅಂಕಿಗಳಿಂದ ಮಾತ್ರ ಸಮರ್ಥಿಸಿ.

3. ರಜೆಗೆ ಊರಿಗೆ ಹೋದಾಗ ಟೆನ್ನಿಸ್ ಬಾಲ್ ಟೂರ್ನಿಗೆ ಪಾಯಿಂಟ್ ಹರಾಜು ನಡೆದರೆ, ಕೂಗುವ ಮುಂಚೆ ಪ್ರತಿ ಜಾಗದ "ಬದಲಿ ಆಟಗಾರ" ಯಾರು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಹರಾಜು ಮುಗಿದ ಮೇಲೆ ಆ ಹಾಳೆ ಮತ್ತು ನಿಮ್ಮ ತಂಡ ಎರಡನ್ನೂ ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಲೆಕ್ಕ ನೋಡೋಣ.